ಬಳ್ಳಾರಿ ಜಾಲಿ, ಲಂಟಾನ: ಬೇರುಸಹಿತ ಕೀಳುವುದಾ, ಕಡಿಯುತ್ತಾ ಇರುವುದಾ, ಬಿಡುವುದಾ?

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿ ಕೇಳುತ್ತಿದ್ದಾರೆ. ಗೋಮಾಳವೆಲ್ಲ ಬಳ್ಳಾರಿ ಜಾಲಿಯಾಗಿದೆ, ಜೆಸಿಬಿ ತರಿಸಿ ಒಂದೇ ಸಲಕ್ಕೆ ಕಿತ್ತು ಹಾಕೋಣವೇ? ಕಿತ್ತರೆ ಊರವರ ಸೌದೆಗೆ ಏನು ಮಾಡುವುದು? ಗುಡ್ಡದ ಅಂಚಿನ ಹೊಲಕ್ಕೆ ಲಂಟಾನ ಇಳಿದು ಬರುತ್ತಿದೆ, ಔಷಧಿ ಹೊಡೆದರೆ ಹೋಗುತ್ತದೆಯೇ? ಶಾಲೆ ಮೈದಾನದ ಪಾರ್ಥೇನಿಯಂಗೆ ಹುಳ ಬಿಟ್ಟರೆ ಸಾಕೇ? ಪರಿಸರದ ಕೆಲಸ ಮಾಡುವವರಲ್ಲೂ ಈ ವಿಷಯದಲ್ಲಿ ಒಮ್ಮತ ಇಲ್ಲ. ಹೊರಗಿನಿಂದ ಬಂದ ಗಿಡ ಒಂದೂ ಉಳಿಯಬಾರದು ಅನ್ನುವವರಿದ್ದಾರೆ. ನೂರು ವರ್ಷಕ್ಕೂ ಹಿಂದಿನಿಂದ ಇಲ್ಲಿರುವ ಗಿಡದ ಜೊತೆ ಬದುಕುವುದನ್ನು ಕಲಿಯೋಣ ಅನ್ನುವವರೂ ಇದ್ದಾರೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಯಾವ ದಾರಿ ಸರಿ ಅನ್ನುವುದನ್ನು ಕಳೆಗಿಡ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಅದು ಹೋದ ಮೇಲೆ ಆ ಜಾಗದಲ್ಲಿ ಏನಿರಬೇಕು, ಮುಂದಿನ ಮೂರು ಮಳೆಗಾಲ ಅಲ್ಲಿಗೆ ಹೋಗಿ ಮರಿಗಿಡ ಕೀಳುವವರು ಯಾರು ಎಂದು ನೋಡಿ ತೀರ್ಮಾನಿಸಬೇಕು. ಈ ಎರಡಕ್ಕೆ ಉತ್ತರ ಇಲ್ಲದಿದ್ದರೆ ಇರುವುದನ್ನು ಹಾಗೇ ಬಿಡುವುದು ಎಷ್ಟೋ ವಾಸಿ. ಕಡಿದು ಕೈಬಿಟ್ಟ ಜಾಲಿ ಮೊದಲಿಗಿಂತ ದಟ್ಟವಾಗಿ ಬರುತ್ತದೆ.

ಯಾವುದರಿಂದ ಅಳೆಯಬೇಕು

ಮೊದಲು ಜಾಗದ ಗುಣ ನೋಡಿ. ಅದು ಹುಲ್ಲಿನ ಜಾಗವೋ, ಕುರುಚಲು ಕಾಡೋ, ಕೆರೆ ಅಂಗಳವೋ, ಉಳುಮೆಯ ಹೊಲವೋ? ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನೇ ಜನ ಮರೆಯುತ್ತಾರೆ. ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲುಗಳು (ಆ ತಳಿಯ ದನಗಳ ಮೇವಿಗೆಂದು ಮೀಸಲಿಟ್ಟ ಬಯಲುಗಳು) ಎಂದೂ ದಟ್ಟ ಕಾಡಾಗಿರಲಿಲ್ಲ. ಮಳೆ ಕಡಿಮೆ, ಮಣ್ಣು ತೆಳು, ಅಲ್ಲಿ ಹುಲ್ಲೇ ಒಡೆಯ. ಕೃಷ್ಣಮೃಗ, ತೋಳ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು ಬದುಕುವುದು ಆ ಬಯಲಿನಲ್ಲಿ. ಅಲ್ಲಿ ಜಾಲಿ ಕಿತ್ತು, ಗುಂಡಿ ತೋಡಿ, ಸಾಲಾಗಿ ಬೇವು ಹೊಂಗೆ ನೆಟ್ಟರೆ ಅದನ್ನು ಪರಿಸರದ ಪುನಶ್ಚೇತನ ಎಂದು ಕರೆಯಲಾಗದು. ಹುಲ್ಲುಗಾವಲಿಗೆ ಎರಡನೇ ಸಲ ಪೆಟ್ಟು ಕೊಟ್ಟ ಹಾಗೆ ಆಗುತ್ತದೆ.

ಎರಡನೆಯದು ಜಾಗದ ಒಡೆತನ. ಪಟ್ಟಾ ಜಮೀನಾದರೆ ತೀರ್ಮಾನ ನಿಮ್ಮದು. ಗೋಮಾಳವಾದರೆ ಗ್ರಾಮ ಪಂಚಾಯ್ತಿ, ಕಂದಾಯದವರನ್ನು ಕೇಳಬೇಕು. ಅರಣ್ಯವಾದರೆ ವಲಯ ಅರಣ್ಯಾಧಿಕಾರಿ ಕಚೇರಿಯ ಒಪ್ಪಿಗೆ ಇಲ್ಲದೆ ಮಚ್ಚು ಎತ್ತಬೇಡಿ. ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗದಂಥ ವನ್ಯಧಾಮಗಳಲ್ಲಿ 1972ರ ವನ್ಯಜೀವಿ ಕಾಯ್ದೆಯೂ ಅನ್ವಯಿಸುತ್ತದೆ. ಅಲ್ಲಿ ಒಳ್ಳೆಯ ಉದ್ದೇಶದಿಂದ ಲಂಟಾನ ಕಿತ್ತರೂ ಅಪ್ಪಣೆ ಬೇಕು.

ಮೂರನೆಯದು, ಆ ಗಿಡದ ಮೇಲೆ ಯಾರ ಬದುಕು ನಿಂತಿದೆ? ಸೌದೆ ತರುವ ಹೆಂಗಸರು, ಇದ್ದಿಲು ಸುಡುವವರು, ಬೇಸಿಗೆಯಲ್ಲಿ ಜಾಲಿ ಕಾಯಿ ನಂಬಿದ ಕುರಿಗಾಹಿಗಳು. ಇವರನ್ನು ಕೇಳದೆ ಮಾಡಿದ ಯೋಜನೆ ಊರಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಆಮೇಲೆ ಹಣ. ಮೊದಲ ದಿನದ ಖರ್ಚನ್ನಷ್ಟೇ ಲೆಕ್ಕ ಹಾಕಿದರೆ ಎಲ್ಲ ದಾರಿಯೂ ಅಗ್ಗವಾಗಿಯೇ ಕಾಣುತ್ತದೆ. ಕೈಯಲ್ಲಿರುವ ಹಣದ ಅರ್ಧವನ್ನಾದರೂ ಎರಡನೇ, ಮೂರನೇ ವರ್ಷಕ್ಕೆ ಎತ್ತಿಡಿ ಅನ್ನುವುದು ನನ್ನ ಸಲಹೆ. ಕೊನೆಗೆ, ಕೀಳುವ ಕೆಲಸದಿಂದಲೇ ಮಣ್ಣಿಗೆ, ಕೆರೆ ಏರಿಗೆ, ಅಕ್ಕಪಕ್ಕದ ಬೆಳೆಗೆ ಆಗುವ ಹಾನಿ ಎಷ್ಟು ಎಂದೂ ನೋಡಿ.

ಜಾಲಿ ಯಾಕೆ ಇಷ್ಟು ಗಟ್ಟಿ

ಬಳ್ಳಾರಿ ಜಾಲಿ ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಕಡೆಯ ಗಿಡ. 1870ರ ದಶಕದಲ್ಲಿ ಬ್ರಿಟಿಷರು ಬರಡು ನೆಲ ಹಸಿರು ಮಾಡಲು, ಸೌದೆಗೆಂದು ಭಾರತಕ್ಕೆ ತರಿಸಿದರು. ಆ ಕೆಲಸವನ್ನು ಅದು ಮಾಡಿತು, ಸುಳ್ಳಲ್ಲ. ಆದರೆ ನಿಲ್ಲಲಿಲ್ಲ. ಅದರ ಕಾಯಿ ಸಿಹಿ, ದನ ಕುರಿ ಇಷ್ಟಪಟ್ಟು ತಿನ್ನುತ್ತವೆ. ಗಟ್ಟಿ ಬೀಜ ಹೊಟ್ಟೆಯಲ್ಲಿ ಅರಗದೆ ಹಿಕ್ಕೆಯ ಜೊತೆ, ಗೊಬ್ಬರದ ಜೊತೆಯೇ ಬಿದ್ದು ಮೊಳೆಯುತ್ತದೆ. ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಗೊಬ್ಬರದ ಜೊತೆಗೆ ಜಾಲಿ ಬೀಜವೂ ಹೊಲಕ್ಕೆ ಬರುವುದು ಹೀಗೆ. ಮೇಲಿನಿಂದ ಕಡಿದರೆ ಬುಡದ ಮೊಗ್ಗುಗಳೆಲ್ಲ ಒಟ್ಟಿಗೆ ಚಿಗುರಿ, ಒಂದು ಕಾಂಡ ಇದ್ದ ಕಡೆ ಐದಾರು ಏಳುತ್ತವೆ. ಆ ಮೊಗ್ಗುಗಳು ನೆಲದ ಮೇಲಷ್ಟೇ ಇರುವುದಿಲ್ಲ, ನೆಲದೊಳಗೂ ಇರುತ್ತವೆ. ಮುಂದೆ ಹೇಳುವ ಎಲ್ಲ ದಾರಿಗಳ ಗೆಲುವು ಸೋಲು ನಿಂತಿರುವುದು ಈ ಬುಡದ ಮೇಲೆ.

ಕೈಯಿಂದ ಅಗೆಯುವುದು

ಗುದ್ದಲಿ, ಹಾರೆ, ಪಿಕಾಸಿ ಹಿಡಿದು ಬುಡದ ಸುತ್ತ ಅರ್ಧದಿಂದ ಒಂದು ಅಡಿ ಮಣ್ಣು ಬಿಡಿಸಿ, ತಾಯಿಬೇರನ್ನು ಅಲ್ಲಿ ಕಡಿಯುವುದು. ಬೇರು ಪೂರ್ತಿ ತೆಗೆಯುವ ಅಗತ್ಯ ಇಲ್ಲ, ಮೊಗ್ಗಿರುವ ಭಾಗ ಹೊರಗೆ ಬಂದರೆ ಸಾಕು. ಮುಂಗಾರಿನ ಮೊದಲ ಒಂದೆರಡು ಹದ ಮಳೆ ಬಿದ್ದ ಮೇಲೆ ಮಣ್ಣು ಮೆತ್ತಗಿರುತ್ತದೆ, ಕೆಲಸ ಹಗುರ. ಹೆಬ್ಬೆರಳು ದಪ್ಪದ ಗಿಡದಿಂದ ತೊಡೆ ದಪ್ಪದವರೆಗೆ ಈ ದಾರಿ ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ದೊಡ್ಡದಾದರೆ ಆಳುಗಳಿಗೆ ತುಂಬಾ ಶ್ರಮ.

ಲಂಟಾನಕ್ಕಂತೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ಇದನ್ನು ಕ್ರಮಬದ್ಧವಾಗಿ ತೋರಿಸಿದ್ದಾರೆ. ಮಣ್ಣಿನ ಮೇಲ್ಪದರದಿಂದ ಮೂರು ನಾಲ್ಕು ಬೆರಳು ಕೆಳಗೆ, ಕಾಂಡ ಮತ್ತು ಬೇರು ಕೂಡುವ ಗಂಟಿನ ಕೆಳಗೆ ಕಡಿಯಬೇಕು. ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟು ಒಣಗಿಸಬೇಕು. ನೇರವಾಗಿ ಬಿಟ್ಟರೆ ತಾಗಿದ ಕಡೆ ಮತ್ತೆ ಬೇರು ಬಿಡುತ್ತದೆ. ಮಣ್ಣು ಅಷ್ಟಾಗಿ ಕದಡುವುದಿಲ್ಲ, ಹಾಗಾಗಿ ಹೊಸ ಬೀಜ ಮೊಳೆಯುವುದೂ ಕಡಿಮೆ. ಮುಂದಿನ ಎರಡು ವರ್ಷ ಹಕ್ಕಿ ಕೂರುವ ಮರಗಳ ಕೆಳಗೆ ಹುಡುಕಬೇಕು. ಲಂಟಾನದ ಹಣ್ಣು ತಿಂದ ಹಕ್ಕಿ ಬೀಜ ಉದುರಿಸುವುದು ಅಲ್ಲೇ.

ಇದರ ಕಷ್ಟ ಆಳುಗಳದ್ದು. ಶೇಂಗಾ ಬಿತ್ತನೆಯ ಹೊತ್ತಿಗೇ ಈ ಕೆಲಸಕ್ಕೂ ಹದ ಬರುತ್ತದೆ. ಚಳ್ಳಕೆರೆ ಕಡೆ ಆ ವಾರಗಳಲ್ಲಿ ಕೂಲಿಯವರು ಸಿಗುವುದೇ ಇಲ್ಲ. ಉದ್ಯೋಗ ಖಾತ್ರಿಯಲ್ಲಿ ಸೇರಿಸುವ ಆಲೋಚನೆ ಇದ್ದರೆ ವರ್ಷದ ಕ್ರಿಯಾಯೋಜನೆಯಲ್ಲೇ ಬರೆಸಿ, ಆಮೇಲೆ ಕೇಳಿದರೆ ತಡವಾಗುತ್ತದೆ. ಮುಳ್ಳಿಗೆ ಗಟ್ಟಿ ಬೂಟು, ಚರ್ಮದ ಕೈಗವಸು ಕೊಡಲೇಬೇಕು. ಜಾಲಿ ಮುಳ್ಳು ಮುರಿದು ಒಳಗೆ ಕೂತರೆ ಕೀವಾಗಿ ವಾರಗಟ್ಟಲೆ ಕೂಲಿ ತಪ್ಪುತ್ತದೆ. ಬಡವರ ಕಾಲಿನ ಮೇಲೆ ನಾವು ಪರಿಸರ ಉಳಿಸಬಾರದು.

ಜೆಸಿಬಿ

ಬೇಗ ಆಗುತ್ತದೆ. ದೊಡ್ಡ ಬುಡವೂ ಮೇಲೆ ಬರುತ್ತದೆ. ಗಂಟೆ ಲೆಕ್ಕದ ಬಾಡಿಗೆಯಾದ್ದರಿಂದ ದಟ್ಟ ಜಾಲಿ ಇರುವ ಕಡೆ ಎಕರೆಗೆ ಬೀಳುವ ಖರ್ಚು ಕೂಲಿಗಿಂತ ಕಡಿಮೆಯೇ ಆಗಬಹುದು. ಉಳುಮೆ ಬಿಟ್ಟು ಜಾಲಿ ಹಬ್ಬಿದ ಹೊಲಕ್ಕೆ, ಹೂಳು ತುಂಬಿದ ಕೆರೆ ಅಂಗಳಕ್ಕೆ ನಾನು ಜೆಸಿಬಿಯನ್ನೇ ಹೇಳುತ್ತೇನೆ. ಹೊಲದಲ್ಲಿ ಮುಂದೆ ಹೇಗೂ ನೇಗಿಲು ಓಡುತ್ತದೆ, ಮರಿಗಿಡ ಅಲ್ಲೇ ಸಾಯುತ್ತವೆ. ಕೆರೆಯಲ್ಲಿ ನೀರು ನಿಂತರೆ ಮೊಳಕೆಗಳು ಮುಳುಗಿ ಕೊಳೆಯುತ್ತವೆ. ಜಗಳೂರಿನ 57 ಕೆರೆ ತುಂಬಿಸುವ ಯೋಜನೆಯಂಥದ್ದರಿಂದ ನೀರು ಬರುವ ಕೆರೆಯಾದರೆ, ನೀರು ಬರುವ ಮೊದಲೇ ಅಂಗಳ ಬಿಡಿಸಿಕೊಳ್ಳುವುದು ಜಾಣತನ.

ಆದರೆ ಏರಿಯ ಮೇಲೆ ಮಾತ್ರ ಯಂತ್ರ ಹತ್ತಿಸಬೇಡಿ. ಏರಿಯೊಳಗೆ ಇಳಿದ ಬೇರನ್ನು ಎಳೆದರೆ ಮಣ್ಣು ಸಡಿಲವಾಗಿ ನೀರು ಜಿನುಗಲು ದಾರಿಯಾಗುತ್ತದೆ. ಹಾಗೆಂದು ಮರ ಹಾಗೇ ಬೆಳೆಯಲು ಬಿಟ್ಟರೂ ಅಪಾಯ. ತೂಬು, ಕೋಡಿಯ ಹತ್ತಿರದ ಗಿಡಗಳನ್ನು ಸಣ್ಣಗಿರುವಾಗಲೇ ಕೈಯಿಂದ ತೆಗೆಯಬೇಕು. ದೊಡ್ಡ ಮರಗಳ ವಿಷಯ ಸಣ್ಣ ನೀರಾವರಿಯ ಎಂಜಿನಿಯರ್ ನೋಡಿ ಹೇಳಲಿ.

ಗೋಮಾಳ, ಕಾವಲು, ಗುಡ್ಡದ ಇಳಿಜಾರಿನಲ್ಲಿ ಜೆಸಿಬಿ ಬೇಡವೇ ಬೇಡ. ಜಾಲಿಯ ಜೊತೆಗೆ ಕಾರೆ, ಬೋರೆ, ತಂಗಡಿ, ಬಂದರಿಕೆ, ಕಮರದಂಥ ಸ್ಥಳೀಯ ಗಿಡಗಳ ಸಸಿ ಎಲ್ಲವೂ ಹೋಗುತ್ತವೆ. ಹುಲ್ಲಿನ ಬೇರು ಹಿಡಿದಿಟ್ಟ ತೆಳು ಮೇಲ್ಮಣ್ಣು ತಿರುವಿ ಬೀಳುತ್ತದೆ, ಮುಂದಿನ ಮಳೆಗೆ ಹಳ್ಳ ಸೇರುತ್ತದೆ. ಬೋಳಾದ, ಕದಡಿದ ನೆಲಕ್ಕೆ ಮೊದಲು ಬರುವುದು ಪಾರ್ಥೇನಿಯಂ. ಜಾಲಿ ದ್ವಿದಳ ಜಾತಿಯ ಗಿಡ, ಅದರ ಬುಡದ ಮಣ್ಣಿನಲ್ಲಿ ಸಾರಜನಕ ಸೇರಿರುತ್ತದೆ. ಆ ಸಾರವನ್ನು ಹುಲ್ಲು ಉಣ್ಣಬೇಕೋ ಪಾರ್ಥೇನಿಯಂ ಉಣ್ಣಬೇಕೋ ಅನ್ನುವುದು ನೀವು ನೆಲವನ್ನು ಎಷ್ಟು ಕದಡುತ್ತೀರಿ ಅನ್ನುವುದರ ಮೇಲಿದೆ. ಇನ್ನೊಂದು ವಿಷಯ: ಉದ್ಯೋಗ ಖಾತ್ರಿ ಇರುವುದು ಕೈಕೆಲಸಕ್ಕೆ, ಆ ಹಣದಲ್ಲಿ ಜೆಸಿಬಿ ಓಡಿಸುವಂತಿಲ್ಲ.

ಕಳೆನಾಶಕ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಜನ ಮೊದಲು ಕೇಳುವುದು ಗ್ಲೈಫೋಸೇಟ್. ಅದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬೇಕು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿರ್ಬಂಧ ಹಾಕಿತು. 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಪಟ್ಟಿಗೆ ಸೇರಿಸಿತ್ತು. ಎಲೆಯ ಮೇಲೆ ಸಿಂಪಡಿಸಿದರೆ ಅದು ಜಾಲಿಯ ಜೊತೆ ಹುಲ್ಲನ್ನೂ ಸುಡುತ್ತದೆ. ಕುರಿ ಮೇಯುವ, ಕೆರೆಗೆ ನೀರು ಹರಿಯುವ ಜಾಗಕ್ಕೆ ಇದು ಸರಿಯಾದ ದಾರಿ ಅಲ್ಲ.

ಹುಳ ಬಿಡುವುದು

ನಮ್ಮ ಹಿರಿಯರು ಕಂಡ ಒಂದು ಗೆಲುವು ಇಲ್ಲಿದೆ. ಒಂದು ಕಾಲಕ್ಕೆ ಪಾಪಾಸುಕಳ್ಳಿಯೂ ಹೀಗೇ ದಕ್ಷಿಣ ಭಾರತದ ಹೊಲ, ಬೀಳುಗಳನ್ನು ನುಂಗಿತ್ತು. 1926ರಲ್ಲಿ ತಂದು ಬಿಟ್ಟ ಕೋಚಿನಿಯಲ್ ಹುಳ ಅದರ ರಸ ಹೀರಿ ಸೊರಗಿಸಿತು. ಈಗ ಕಳ್ಳಿ ಅಲ್ಲೊಂದು ಇಲ್ಲೊಂದು ಕಾಣುತ್ತದೆ, ಹಾವಳಿ ಇಲ್ಲ. ಹುಳದ ದಾರಿ ಫಲಿಸಿದರೆ ಅದಕ್ಕಿಂತ ಅಗ್ಗದ್ದು ಬೇರೊಂದಿಲ್ಲ.

ಪಾರ್ಥೇನಿಯಂಗೆ ಮೆಕ್ಸಿಕೋದಿಂದ ತಂದ ಜೈಗೋಗ್ರಾಮ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ತಿಂದು ಗಿಡವನ್ನು ಬೋಳು ಮಾಡುತ್ತದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಅದು ಸೂರ್ಯಕಾಂತಿಗೂ ಬಾಯಿ ಹಾಕುತ್ತದೆ ಎಂಬ ದೊಡ್ಡ ಆತಂಕ 1990ರ ದಶಕದ ಆರಂಭದಲ್ಲಿ ಎದ್ದಿತ್ತು, ಪರಿಶೀಲನೆಯ ನಂತರ ಬೆಳೆಗೆ ಅಪಾಯ ಇಲ್ಲ ಎಂದಾಯಿತು. ಹಿರಿಯೂರು ಚಳ್ಳಕೆರೆಯಲ್ಲಿ ಸೂರ್ಯಕಾಂತಿ ಬೆಳೆಯುವವರು ಈಗಲೂ ಕೇಳುವುದರಿಂದ ಹೇಳಿದೆ. ಮಳೆ ಕಡಿಮೆ ಇರುವ ನಮ್ಮ ಕಡೆ ಈ ಹುಳ ಚುರುಕಾಗಿರುವ ದಿನಗಳೂ ಕಡಿಮೆ. ಕೈಯಿಂದ ಕೀಳುವ ಕೆಲಸಕ್ಕೆ ಅದು ಜೊತೆಗಾರ, ಅದನ್ನೇ ನಂಬಿ ಕೂರುವ ಹಾಗಿಲ್ಲ.

ಬಳ್ಳಾರಿ ಜಾಲಿಗೆ ನಮ್ಮಲ್ಲಿ ಅಂಥ ಹುಳದ ಆಯ್ಕೆ ಸದ್ಯಕ್ಕೆ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮರ ಉಪಯೋಗಕ್ಕೂ ಬರುತ್ತದೆ ಎಂದು, ಮರ ಕೊಲ್ಲದೆ ಬೀಜ ಮಾತ್ರ ತಿನ್ನುವ ಹುಳಗಳನ್ನು ಮೊದಲು ಬಿಟ್ಟರು. ಹರಡುವುದು ಅಷ್ಟರಿಂದಲೇ ನಿಲ್ಲಲಿಲ್ಲ.

ಬಳಸಿ ಬಳಸಿ ಹತೋಟಿಗೆ ತರುವುದು

ವಾದ ಜಾಸ್ತಿ ಇರುವುದು ಇಲ್ಲೇ. ಜಾಲಿ ಸೌದೆ ಚೆನ್ನಾಗಿ ಉರಿಯುತ್ತದೆ, ಇದ್ದಿಲಿಗೆ ಒಳ್ಳೆಯ ಬೆಲೆ ಇದೆ. ಬರಗಾಲದ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು, ಸಂತೆ ನಡೆದದ್ದು ಇದರಿಂದ. ಗುಜರಾತಿನ ಬನ್ನಿ ಹುಲ್ಲುಗಾವಲಿನಲ್ಲೂ ಇದೇ ಕಥೆ. ಅಲ್ಲಿ ಇದೇ ಗಿಡ ಹುಲ್ಲನ್ನು ನುಂಗಿ ದನ ಸಾಕುವ ಮಾಲ್ಧಾರಿಗಳಿಗೆ ಕಷ್ಟ ತಂದಿತು, ಇದ್ದಿಲು ಸುಟ್ಟು ಬದುಕುವ ದಾರಿಯನ್ನೂ ಕೊಟ್ಟಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಮಾಡುವುದನ್ನು ಕಲಿತು ಮಾರುತ್ತಿದ್ದಾರೆ.

ಹಾಗಾದರೆ ಬಳಸಿಯೇ ಮುಗಿಸಬಹುದಲ್ವಾ? ಒಂದು ತೊಡಕಿದೆ. ಕಡಿಯುವ ಗುತ್ತಿಗೆದಾರನಿಗೆ ಬೇಕಾದದ್ದು ಕಾಂಡ. ಮೊಣಕಾಲೆತ್ತರಕ್ಕೆ ಕಡಿದು ಲಾರಿ ತುಂಬಿಸಿ ಹೋಗುತ್ತಾನೆ. ಬುಡ ಅಲ್ಲೇ ಉಳಿದು ಎರಡು ಮೂರು ವರ್ಷದಲ್ಲಿ ಇನ್ನೊಂದು ಕೊಯ್ಲಿಗೆ ಸಿದ್ಧವಾಗುತ್ತದೆ. ಪಂಚಾಯ್ತಿಗೆ ಹಣ ಬಂತು, ನೆಲ ಮಾತ್ರ ಬಿಡುಗಡೆ ಆಗಲಿಲ್ಲ. ಗುತ್ತಿಗೆ ಕೊಡುವುದೇ ಆದರೆ ಬುಡವನ್ನು ಒಂದು ಅಡಿ ಆಳದಿಂದ ತೆಗೆಯಬೇಕು ಎಂದು ಕರಾರಿನಲ್ಲಿ ಬರೆಸಿ. ಠೇವಣಿಯ ಒಂದು ಭಾಗವನ್ನು ಮುಂದಿನ ಮಳೆಗಾಲದ ನಂತರ, ಚಿಗುರು ನೋಡಿದ ಮೇಲೆ ವಾಪಸ್ ಕೊಡಿ. ಸಾಗಿಸಲು ಪರವಾನಗಿ ಬೇಕೇ ಎಂದು ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಕಾಯಿಯ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇದೆ. ಹಣ್ಣಾದ ಕಾಯಿಯನ್ನು ನೆಲದಿಂದ ಆರಿಸಿ, ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿ ಬೂಸಾದ ಜೊತೆ ಸೇರಿಸಿದರೆ ಬೀಜವೂ ಸಾಯುತ್ತದೆ, ಪಶುವಿಗೆ ಮೇವೂ ಆಗುತ್ತದೆ. ಮೇವಿನಲ್ಲಿ ಒಂದು ಪಾಲು ಮಾತ್ರ ಇರಲಿ. ಬರೀ ಜಾಲಿ ಕಾಯಿ ತಿಂದ ದನ, ಮೇಕೆಗೆ ದವಡೆಯ ನರ ಕೆಟ್ಟು ಮೆಲುಕು ಹಾಕುವುದೇ ಕಷ್ಟವಾಗುತ್ತದೆ.

ಪೂರ್ತಿ ಕೀಳದೆ ಪಳಗಿಸುವ ಕ್ರಮವೂ ಇದೆ. ಪೊದೆಯಲ್ಲಿ ಒಂದೇ ನೇರ ಕಾಂಡ ಉಳಿಸಿ, ಮಿಕ್ಕಿದ್ದನ್ನು ಸವರಿ, ಮರಗಳ ನಡುವೆ ಅಂತರ ಬಿಡಿಸಿದರೆ ಬಿಸಿಲು ಬಿದ್ದು ಕೆಳಗೆ ಹುಲ್ಲು ಬರುತ್ತದೆ. ಸೌದೆಯ ಆಸರೆ ತಪ್ಪಬಾರದು, ಮೇವೂ ಬೇಕು ಅನ್ನುವ ಊರಿಗೆ ಇದು ಹೊಂದುತ್ತದೆ. ಕಾಯಿ ಬೀಳುವುದು ನಿಲ್ಲುವುದಿಲ್ಲವಾದ್ದರಿಂದ ಪಕ್ಕದ ಕಾವಲಿಗೆ, ಹೊಲಕ್ಕೆ ಹರಡುವುದೂ ನಿಲ್ಲುವುದಿಲ್ಲ. ಆರಿಸುವವರು ಇದ್ದರೆ ಮಾತ್ರ ಈ ಕ್ರಮ.

ನಿಮ್ಮ ಜಾಗಕ್ಕೆ ಯಾವುದು

ಪಟ್ಟಾ ಹೊಲ, ಕೈಯಲ್ಲಿ ಸ್ವಲ್ಪ ಹಣ ಇದೆ ಅಂದರೆ: ಜೆಸಿಬಿ, ಬೇಸಿಗೆಯಲ್ಲಿ, ಕಾಯಿ ಉದುರುವ ಮೊದಲು. ಸೌದೆ ಮಾರಿದ ಹಣದಿಂದ ಬಾಡಿಗೆಯ ಒಂದಷ್ಟು ಪಾಲು ಹುಟ್ಟುತ್ತದೆ. ಆ ವರ್ಷವೇ ಹುರುಳಿಯನ್ನೋ ಸಜ್ಜೆಯನ್ನೋ ಬಿತ್ತಿ, ನೆಲ ಖಾಲಿ ಬಿಡಬೇಡಿ. ಹಣ ಇಲ್ಲದಿದ್ದರೆ ಬದುವಿನಿಂದ ಒಳಗೆ, ವರ್ಷಕ್ಕೆ ಒಂದೊಂದು ಪಟ್ಟಿಯಂತೆ ಮುಯ್ಯಾಳು ಕಟ್ಟಿಕೊಂಡು ಕೈಯಿಂದ ತೆಗೆಯಿರಿ. ಅರೆಬರೆ ಇಡೀ ಹೊಲ ಮುಟ್ಟುವುದಕ್ಕಿಂತ ಒಂದು ಪಟ್ಟಿ ಪೂರ್ತಿ ಮುಗಿಸುವುದು ಮೇಲು.

ಕಾವಲು, ಗೋಮಾಳವಾದರೆ ಹರಡುತ್ತಿರುವ ಅಂಚಿನಿಂದ ಶುರು ಮಾಡಿ. ಜನ ದಟ್ಟ ಜಾಲಿಯ ಮೇಲೆ ಮೊದಲು ಬೀಳುತ್ತಾರೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದು. ಒಂಟಿ ಒಂಟಿ ಗಿಡ ಇರುವ, ಇನ್ನೂ ಹುಲ್ಲು ಉಳಿದಿರುವ ಬಯಲನ್ನು ಮೊದಲು ಉಳಿಸಿಕೊಳ್ಳಿ. ಅಲ್ಲಿ ಕಡಿಮೆ ಆಳಿನಲ್ಲಿ ಹೆಚ್ಚು ನೆಲ ಸಿಗುತ್ತದೆ, ಹುಲ್ಲು ತಾನಾಗಿ ಮರಳುತ್ತದೆ. ದಟ್ಟ ಜಾಲಿಯನ್ನು ಆ ಹೊತ್ತಿಗೆ ಸೌದೆಯವರಿಗೆ ಬಿಡಿ. ಬಿಡಿಸಿದ ಜಾಗದಲ್ಲಿ ಹಳೆಯ ಹುಲ್ಲಿನ ಬೀಜವನ್ನು ಅಕ್ಕಪಕ್ಕದ ಬಯಲಿನಿಂದಲೇ ತಂದು ಚೆಲ್ಲಿ. ಸುಬಾಬುಲ್ ಮಾತ್ರ ನೆಡಬೇಡಿ, ಅದೂ ಹೊರಗಿನದು, ಅದೂ ಹರಡುತ್ತದೆ. ಒಂದೆರಡು ಮಳೆಗಾಲ ಮೇಯಿಸುವುದನ್ನು ಸರದಿಯಲ್ಲಿ ನಿಲ್ಲಿಸಬೇಕಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳು ಇದೇ ಬಯಲನ್ನು ನಂಬಿವೆ. ಯಾವ ತಿಂಗಳು ಎಲ್ಲಿ ಮೇವು ಎಂದು ಆ ಎತ್ತುಗಳನ್ನು ಕಾಯುವ ಕಿಲಾರಿಗಳಿಗೆ ಗೊತ್ತಿರುವಷ್ಟು ನಮಗಾರಿಗೂ ಗೊತ್ತಿಲ್ಲ, ಸರದಿಯನ್ನು ಅವರೇ ಹೇಳಲಿ. ಜಾಲಿ ಕಾಯಿ ತಿಂದ ಕುರಿಗಳನ್ನು ಬಿಡಿಸಿದ ನೆಲಕ್ಕೆ ಬಿಡುವ ಮುಂಚೆ ಒಂದು ವಾರ ರೊಪ್ಪದಲ್ಲಿ ಬೇರೆ ಮೇವಿನ ಮೇಲೆ ಇಟ್ಟರೆ ಹೊಟ್ಟೆಯಲ್ಲಿರುವ ಬೀಜ ಅಲ್ಲೇ ಬೀಳುತ್ತದೆ.

ಗುಡ್ಡದ ಅಂಚಿನ ಲಂಟಾನಕ್ಕೆ ಕೈಕೆಲಸ ಒಂದೇ. ಆದರೆ ಒಂದೇ ಸಲ ಬೋಳು ಮಾಡಬೇಡಿ. ಇಳಿಜಾರಿನಲ್ಲಿ ಮಣ್ಣು ಜಾರುತ್ತದೆ, ಸಣ್ಣ ಹಕ್ಕಿಗಳು ಅದರೊಳಗೆ ಗೂಡು ಕಟ್ಟಿರುತ್ತವೆ. ಲಂಟಾನದ ನಡುವೆ ಸಿಕ್ಕಿಕೊಂಡ ಸ್ಥಳೀಯ ಸಸಿಗಳನ್ನು ಹುಡುಕಿ, ಅವುಗಳ ಸುತ್ತ ಮೊದಲು ಬಿಡಿಸಿ. ಆ ಸಸಿ ಮೇಲೆದ್ದು ನೆರಳು ಕೊಟ್ಟರೆ ಲಂಟಾನಕ್ಕೆ ಬಿಸಿಲು ತಪ್ಪುತ್ತದೆ. ಕಿತ್ತ ಸೊಪ್ಪನ್ನು ದನಕ್ಕೆ ಸಿಗದಂತೆ ಇಡಿ, ತಿಂದರೆ ಕಾಮಾಲೆಯಾಗಿ ಚರ್ಮ ಸುಲಿಯುತ್ತದೆ.

ಶಾಲೆ ಮೈದಾನ, ಊರೊಳಗಿನ ಖಾಲಿ ಜಾಗದ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ ಬೇರುಸಹಿತ ಕೀಳಿ. ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ. ಚರ್ಮದ ಅಲರ್ಜಿ, ಉಬ್ಬಸ ಒಮ್ಮೆ ಬಂದರೆ ಬಿಡುವುದಿಲ್ಲ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಖಾಲಿಯಾದ ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ಪಾರ್ಥೇನಿಯಂಗೆ ಎಡೆ ಕೊಡುವುದಿಲ್ಲ.

ಇಷ್ಟಾದ ಮೇಲೂ ಊರಲ್ಲಿ ಎರಡು ಗುಂಪಾಗಿದ್ದರೆ ಗೋಮಾಳದಲ್ಲಿ ಒಂದೇ ಅಳತೆಯ ಮೂರು ತುಂಡು ಗುರುತು ಮಾಡಿ. ಒಂದರಲ್ಲಿ ಬುಡ ಅಗೆದು ತೆಗೆಯಿರಿ, ಇನ್ನೊಂದರಲ್ಲಿ ಒಂಟಿ ಕಾಂಡ ಉಳಿಸಿ ಸವರಿ, ಮೂರನೆಯದನ್ನು ಮುಟ್ಟಬೇಡಿ. ಪ್ರತಿಯೊಂದಕ್ಕೆ ಎಷ್ಟು ಆಳು, ಎಷ್ಟು ಹಣ ಹೋಯಿತು ಎಂದು ಬರೆದಿಡಿ. ಎರಡನೇ ಮಳೆಗಾಲ ಮುಗಿದಾಗ ಎಷ್ಟು ಬುಡ ಚಿಗುರಿದೆ, ಎಷ್ಟು ಹೊರೆ ಹುಲ್ಲು ಕೊಯ್ಲಿಗೆ ಬಂತು, ಎಷ್ಟು ಸೌದೆ ಸಿಕ್ಕಿತು ಎಂದು ಕುರಿಗಾಹಿಗಳನ್ನೂ ಸೌದೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಎಣಿಸಿ. ಆ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಿ, ಉಳಿದ ಗೋಮಾಳಕ್ಕೆ ಯಾವ ದಾರಿ ಎಂದು ಅಲ್ಲಿ ತೀರ್ಮಾನಿಸಿ.